ಕುಸ್ತಿ ಕಣದಲ್ಲಿ ನಾನು ಸುತ್ತಿದ ರುಮಾಲು

ಇದು ನನ್ನ ಮೊದಲನೆಯ ಬರಹ. ಹೇಳುವುದು ಹಿಂದುಮುಂದಾದರೆ ಓದುಗರು ಕ್ಷಮಿಸಬೇಕು. ನಾನು ಹುಕ್ಕೇರಿಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಹೆಂಡತಿಯ ತವರು ಗೋಕಾಕ. ಅಲ್ಲಿಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗುತ್ತದೆ. ಬೇರೆ ಊರಲ್ಲಿ ಆಗುವುದಿಲ್ಲ ಎಂದಲ್ಲ; ಬೇರೆ ಕಡೆ ನೋಡಲು ಅತ್ತೆ ಇರುವುದಿಲ್ಲ, ಅಷ್ಟೇ.

ಒಂದು

ಹೆಂಡತಿಯ ತಮ್ಮ ಪೈಲವಾನ. ಅವನ ಕುಸ್ತಿ ನೋಡಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಟಿದ್ದೆವು. ದಾರಿಯಲ್ಲಿ ಬೇವಿನ ಮರದ ಕೆಳಗೆ ಗೊಂಬೆ ಮಾಡುವವರು ಬಣ್ಣ ಬಳಿದ ಮಣ್ಣಿನ ಹಣ್ಣುಗಳನ್ನು ಒಣಗಲು ಹರವಿದ್ದರು. ನೋಡುತ್ತ ಅಲ್ಲೇ ಕುಳಿತೆವು. ಗೋಕಾಕದ ಮಣ್ಣಿನ ಹಣ್ಣು ನಿಜವಾದ ಹಣ್ಣಿನಂತೆಯೇ ಇರುತ್ತದೆ. ಮದುವೆಯಾದ ಹೊಸತರಲ್ಲಿ ನಾನೊಂದನ್ನು ಕಚ್ಚಿದ್ದೆ. ಆದ್ದರಿಂದ ಈ ಸಲ ಎಚ್ಚರವಾಗಿದ್ದೆ. ಪಕ್ಕದಲ್ಲಿದ್ದ ಪೇರಲ ಹಣ್ಣೊಂದನ್ನು ಎತ್ತಿ, ಎಲ್ಲರಿಗೂ ಕೇಳುವಂತೆ, "ಏನ್ ಕೈಚಳಕ ರೀ! ಹುಳ ಕೊರೆದ ತೂತು ಸುದ್ಧಾ ಬಿಟ್ಟಿಲ್ಲ ನೋಡ್ರಿ!" ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡು, "ಅದು ನಮ್ಮ ಬುತ್ತಿ ಬುಟ್ಟೀದ್ರಿ, ಅಳಿಯಂದಿರ. ಹುಳಾನೂ ಒಳಗ ಐತಿ, ಬೇಕಾದ್ರ ಮಾತಾಡಿಸ್ರಿ" ಎಂದರು.

ಎರಡು

ಭಾವಮೈದುನನ ಎದುರಾಳಿ ಮೂಡಲಗಿಯವನು. ನನಗೆ ಕುಸ್ತಿ ಬರುವುದಿಲ್ಲ, ಆದರೆ ನೋಡುವಾಗ ಕೈ ಸುಮ್ಮನಿರುವುದಿಲ್ಲ. ಭಾವಮೈದುನ ಎದುರಾಳಿಯ ಕುತ್ತಿಗೆಗೆ ಕೈ ಹಾಕಿದ, ನಾನೂ ಹಾಕಿದೆ. "ಒತ್ತೋ! ಬಿಡಬ್ಯಾಡೋ!" ಎಂದು ಕೂಗಿದೆ.

ಪಕ್ಕದಲ್ಲಿ ಕುಳಿತಿದ್ದ ಮುದುಕ ನನ್ನ ಕಂಕುಳೊಳಗಿನಿಂದ ಹೇಳಿದ: "ತಮ್ಮಾ, ನನ್ನ ಬಿಡೋ. ನಾ ಬರೇ ನೋಡಾಕ ಬಂದೇನಿ."

ಮೂರು

ಗೆದ್ದವನಿಗೆ ಅವನ ಮನೆಯ ಹಿರಿಯರು ಕಣಕ್ಕಿಳಿದು ರುಮಾಲು ಸುತ್ತುವುದು ಪದ್ಧತಿ. ಮಾವನವರಿಗೆ ಮಂಡಿನೋವು. ಅದಕ್ಕೆ ಜರಿಯಂಚಿನ ರುಮಾಲನ್ನು ನನ್ನ ಕೈಗೆ ಕೊಟ್ಟು, "ಇದೊಂದರ ನೆಟ್ಟಗ ಮಾಡ್ರಿ. ಊರ ಮಂದಿ ನೋಡತಿರತಾರ" ಎಂದಿದ್ದರು. ನನ್ನ ಅಳಿದುಳಿದ ಮಾನವೆಲ್ಲ ಆ ರುಮಾಲಿನಲ್ಲೇ ಇತ್ತು.

ಒಬ್ಬ ಇನ್ನೊಬ್ಬನನ್ನು ಎತ್ತಿ ಚಿತ್ ಮಾಡಿದ. ಹಲಗಿ ಬಾರಿಸಿದರು. ನಾನು ಹಾರಿ ಹೋಗಿ, ಗೆದ್ದವನಿಗೆ ರುಮಾಲು ಸುತ್ತಿ, ಬಿಗಿದಪ್ಪಿಕೊಂಡು, "ನಮ್ಮ ಮನಿತನದ ಮರ್ಯಾದಿ ಉಳಿಸಿದಿ!" ಎಂದು ಅತ್ತೇಬಿಟ್ಟೆ.

ಕಾಲ ಕೆಳಗಿನಿಂದ ಭಾವಮೈದುನನ ದನಿ ಬಂತು: "ಮಾಮಾ, ನಾ ಇಲ್ಲಿ ಬಿದ್ದೇನ್ರಿ. ಕೈ ಮ್ಯಾಲೆ ನಿಂತೀರಲ್ಲ."

ಇದರಲ್ಲಿ ನನ್ನ ತಪ್ಪು ಅಷ್ಟಿಲ್ಲ. ಏಕೆಂದರೆ ಕೆಂಪು ಮಣ್ಣಿನಲ್ಲಿ ಹೊರಳಿದ ಮೇಲೆ ಪೈಲವಾನರಿಗೆ ಮುಖವೆಂಬುದು ಉಳಿಯುವುದಿಲ್ಲ. ಇಬ್ಬರದೂ ಒಂದೇ ಎತ್ತರ, ಒಂದೇ ನಮೂನೆಯ ಲಂಗೋಟಿ. ಮೇಲಾಗಿ ಸೂರ್ಯ ನನ್ನ ಕಣ್ಣಿಗೆ—

ತಡೆಯಿರಿ, ಹೆಂಡತಿ ಕರೆಯುತ್ತಿದ್ದಾಳೆ: "ಏನ್ರೀ, ಲಗೂನ ಬರ್ರಿಲ್ಲೆ! ಆ ಮೂಡಲಗಿ ಪೈಲವಾನ ಬಂದಾನ. ಅವಗ ಹೆಣ್ಣು ನೋಡಾಕ ಹೋಗಬೇಕಂತ. ರುಮಾಲ ಸುತ್ತಿದವರು ನೀವ ಅಲ್ರಿ, ಮನಿ ಹಿರ್ಯಾರಂತ ನಿಮ್ಮನ್ನ ಕರಕೊಂಡ ಹೋಗಾಕ ಚಕ್ಕಡಿ ತಂದಾನ!"