ಅಲೆವೂರಿನ ಹಡಗುಕಟ್ಟೆ

ಸಮುದ್ರ ಕಂಡರೆ ತಲೆ ತಿರುಗಿ ಬೀಳುವ ಮನುಷ್ಯನೊಬ್ಬ ಹಡಗು ಕಟ್ಟಿದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದಷ್ಟೇ ಅಲ್ಲ, ಆ ಹಡಗುಕಟ್ಟೆಯಲ್ಲೇ ಉಂಡು ಮಲಗಿ ಓದಿದವಳು. ಆ ಮನುಷ್ಯ ನನ್ನ ಅಕ್ಕನ ಗಂಡ. ಹುಟ್ಟಿದ್ದು ಕಾರ್ಕಳದ ಕರಿಬಂಡೆಗಳ ನಡುವೆ. ಮದುವೆಯಾದ ಹೊಸತರಲ್ಲಿ ಅಕ್ಕ ಅವರನ್ನು ಕಾಪುವಿನ ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಅಲೆ ಪಾದ ಮುಟ್ಟುವ ಮೊದಲೇ ಭಾವ ದೀಪಸ್ತಂಭದ ಬಂಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕುಳಿತುಬಿಟ್ಟರು.

"ಎಂತ ಆಯ್ತು?" ಎಂದಳು ಅಕ್ಕ.

"ನೆಲ ಅಲ್ಲಾಡ್ತಾ ಉಂಟು."

"ಅಲ್ಲಾಡುವುದು ನೆಲ ಅಲ್ಲ, ನೀರು."

"ನನಗೆ ಎರಡೂ ಒಂದೇ ಮಾರಾಯ್ತಿ. ಮನೆಗೆ ಹೋಗುವ!"

ನಗುವವರು ಈಗಲೇ ನಕ್ಕುಬಿಡಿ. ಈ ಕಥೆಯನ್ನು ನಾನು ಪ್ರತಿ ಸಲವೂ ನಗಿಸಲೆಂದೇ ಆರಂಭಿಸುತ್ತೇನೆ. ಆದರೆ ಆ ಒಂದು ಮಧ್ಯಾಹ್ನದ ಹತ್ತಿರ ಬರುವಷ್ಟರಲ್ಲಿ ನಾನೇ ನಗು ಮರೆತಿರುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಣಿಪಾಲದಲ್ಲಿ ಬಿ.ಎಸ್ಸಿ. ಓದುತ್ತಾ ನಾನು ಅಲೆವೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಹೆಸರಿನಲ್ಲಿ ಅಲೆಯಿದ್ದರೂ ಆ ಊರಿನಲ್ಲಿ ಕಡಲಿಲ್ಲ, ಗದ್ದೆ ಮಾತ್ರ. ಭಾವ ಉಡುಪಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಕೊಲ್ಲಿ ದೇಶದಲ್ಲಿದ್ದ ಅವರ ತಮ್ಮ ರಜೆಗೆ ಬರುವಾಗ ಅಕ್ಕನಿಗೆ ಸೀರೆ, ನನಗೆ ಪೆನ್ನು, ಅಣ್ಣನಿಗೆ ಒಂದು ಉದ್ದನೆಯ ಪೆಟ್ಟಿಗೆ ತಂದರು. ಮುಚ್ಚಳದ ಮೇಲೆ ಮೂರು ಕಂಬದ ಹಾಯಿಹಡಗಿನ ಚಿತ್ರ. ಒಳಗೆ ಹಡಗಿರಲಿಲ್ಲ, ಮುಂದೆ ಹಡಗಾಗಬೇಕಾದ ಸಾಮಾನಿತ್ತು. ಮೀನಿನ ಮುಳ್ಳಿನ ಹಾಗೆ ಕತ್ತರಿಸಿದ ಹಲಗೆಗಳು, ತೆಳ್ಳಗಿನ ಮರದ ಪಟ್ಟಿಗಳು, ನೂಲಿನ ಉಂಡೆ, ಸಾಸಿವೆಯಷ್ಟೇ ಇದ್ದ ಹಿತ್ತಾಳೆ ಮೊಳೆಗಳು, ಜೊತೆಗೆ ಯುರೋಪಿನ ಯಾವುದೋ ಭಾಷೆಯಲ್ಲಿ ಅಚ್ಚಾದ ವಿವರಣೆ.

"ಅಣ್ಣಾ, ಇದು ಅಲ್ಲಿಯವರು ರಜೆಯಲ್ಲಿ ಹೊತ್ತು ಹೋಗ್ಲಿಕ್ಕೆ ಮಾಡುವುದು," ಎಂದರು ತಮ್ಮ. ಭಾವನ ಹೊತ್ತು ಎಷ್ಟು ಹೋಯಿತೆಂದರೆ, ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದರೂ ಹಡಗಿಗೆ ಹೊಟ್ಟೆಯೇ ಬಂದಿರಲಿಲ್ಲ!

ಕಾರಣ, ಆಯುಧಗಳು. ಸರಿಯಾದ ಆಯುಧ ಸಿಗದೆ ಮರ ಮುಟ್ಟುವುದು ಪಾಪ ಎಂದು ಭಾವನ ಮತ. ಒಂದು ಸಣ್ಣ ಉಳಿ ಆರಿಸಲು ಅವರು ಒಂದು ಇಡೀ ಮಳೆಗಾಲ ತೆಗೆದುಕೊಂಡರು. ವಾರಕ್ಕೊಮ್ಮೆ ಉಡುಪಿಯ ಹಾರ್ಡ್‌ವೇರ್ ಅಂಗಡಿಗೆ ಹೋಗುವುದು, ಪಂಚೆ ಮೇಲೆತ್ತುವುದು, ಉಳಿಯ ಅಲಗಿನಿಂದ ಮೊಣಕಾಲ ಕೆಳಗಿನ ಕೂದಲು ಬೋಳಿಸಿ ನೋಡುವುದು, ತಲೆಯಾಡಿಸಿ ಹಿಂದೆ ಕೊಡುವುದು. ಕೊನೆಗೆ ಅಂಗಡಿಯವರೇ ಕೈ ಮುಗಿದರು. "ಸ್ವಾಮೀ, ಎರಡೂ ಕಾಲು ಮುಗಿಯಿತು. ಮುಂದಿನ ವಾರ ಗಡ್ಡ ಬಿಟ್ಟುಕೊಂಡು ಬನ್ನಿ!"

ಅಕ್ಕಸಾಲಿಗರ ಚಿಮುಟ ಬಂತು. ಕೂದಲೆಳೆಯಂಥ ಅಲಗಿನ ಗರಗಸ ಬಂತು. ಮಣಿಪಾಲದಲ್ಲಿ ದಂತವೈದ್ಯಕೀಯ ಓದುತ್ತಿದ್ದ ನೆರೆಮನೆಯವನಿಂದ ಹಲ್ಲು ಕೆರೆಯುವ ಹಳೆಯ ಕೊಕ್ಕೆಗಳು ಬಂದವು.

"ಎಂತ, ನಿಮ್ಮ ಹಡಗಿಗೆ ಹಲ್ಲು ನೋವಾ?" ಎಂದು ಅಕ್ಕ ಕೇಳಿದಳು. ಬಟ್ಟೆ ಒಣಗಿಸುವ ಕ್ಲಿಪ್ಪುಗಳೆಲ್ಲ ಹಡಗಿನ ಪಟ್ಟಿ ಕಚ್ಚಿ ಹಿಡಿಯಲು ಹೋದದ್ದರಿಂದ ಅವಳ ಸೀರೆಗಳು ಗಾಳಿಗೆ ಹಾರಿ ಗದ್ದೆ ಸೇರುತ್ತಿದ್ದವು. ಪಟ್ಟಿ ಬಾಗಬೇಕಾದರೆ ಆವಿ ಬೇಕು. ಆವಿಗೆ ಇಡ್ಲಿ ಪಾತ್ರೆ! ಆ ದಿನಗಳಲ್ಲಿ ನಾವು ತಿಂದ ಇಡ್ಲಿಗೆಲ್ಲ ಒಂದು ಬಗೆಯ ಕಪಾಟಿನ ವಾಸನೆಯಿತ್ತು.

ಒಮ್ಮೆ ಭಾವ ಮಲ್ಪೆಗೆ ಹೋಗಿ, ಕಡಲಿಗೆ ಬೆನ್ನು ಹಾಕಿ ನಿಂತು, ದೋಣಿ ಕಟ್ಟುವವರನ್ನು ಮಾತಾಡಿಸಿದರು. ತಾವೂ ಹಡಗು ಕಟ್ಟುತ್ತಿರುವುದಾಗಿ ಹೇಳಿಕೊಂಡರು.

"ಎಷ್ಟು ಉದ್ದ?" ಎಂದರು ಅವರು.

"ಎರಡೂವರೆ ಅಡಿ."

"ಎಷ್ಟು ಜನ ಹಿಡೀತದೆ?"

"ಯಾರೂ ಇಲ್ಲ."

"ಒಳ್ಳೆದಾಯ್ತು. ಮುಳುಗಿದರೂ ಅಳುವವರಿಲ್ಲ!"

ಭಾವ ಸಂತೋಷದಿಂದಲೇ ಮನೆಗೆ ಬಂದರು. ಸಂತೋಷ ಹೆಚ್ಚು ಕಾಲ ಇರಲಿಲ್ಲ. ಆ ವರ್ಷದ ಮಳೆಯಲ್ಲಿ ಪೆಟ್ಟಿಗೆಗೆ ಗೆದ್ದಲು ಹತ್ತಿ ಪಟ್ಟಿಗಳಲ್ಲಿ ಅರ್ಧ ಪುಡಿಯಾಯಿತು. ಹೊಸ ಪಟ್ಟಿ ಯಾವ ಅಂಗಡಿಯಲ್ಲಿ ಸಿಕ್ಕೀತು? ಹಲಸಿನ ಹಲಗೆಯಿಂದ ತಾವೇ ಸೀಳುವುದೆಂದು ಭಾವ ನಿಶ್ಚಯಿಸಿದರು. ಕಾರ್ಕಳಕ್ಕೆ ಹೋಗಿ, ಮುಚ್ಚಿಹೋದ ಮರದ ಮಿಲ್ಲೊಂದರಿಂದ ತಿರುಗುವ ಗರಗಸ ತಂದರು. ಕಬ್ಬಿಣದ ಮೇಜಿನ ನಡುವೆ ಚಕ್ರ, ಚಕ್ರದ ಸುತ್ತ ಹಲ್ಲು, ಕೆಳಗೆ ಮೋಟರು, ನಡುವೆ ಹಳೆಯ ಬೆಲ್ಟು. ಚಕ್ರದ ಮೇಲೊಂದು ತಗಡಿನ ಮುಚ್ಚಳವಿತ್ತು. ಸೀಳಬೇಕಾದ ಗೆರೆ ಕಾಣುವುದಿಲ್ಲವೆಂದು ಮೊದಲ ದಿನವೇ ಅದನ್ನು ಬಿಚ್ಚಿದರು. ಬಂದವರಿಗೆಲ್ಲ ಹೊಟ್ಟೆ ತುಂಬ ಊಟ ಹಾಕುವ ಅಕ್ಕನ ಮನೆಯಲ್ಲಿ ಹಸಿದ ಬಾಯೊಂದು ಬಂದು ಕುಳಿತಂತಾಯಿತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಕರೆಂಟು ಹೋದರೆ ಯಾರೂ ಸ್ವಿಚ್ಚು ಆರಿಸುತ್ತಿರಲಿಲ್ಲ. ಆರಿಸಿದರೆ ಬಂದದ್ದು ಗೊತ್ತಾಗುವುದು ಹೇಗೆ? ಬಲ್ಬು ತಾನಾಗಿ ಹತ್ತಬೇಕು, ರೇಡಿಯೋ ಅರ್ಧಕ್ಕೆ ನಿಂತ ಮಾತು ಮುಂದುವರಿಸಬೇಕು, ಮಕ್ಕಳು ಊರಿಗೆ ಊರೇ ಕೇಳುವ ಹಾಗೆ "ಬಂತು!" ಎಂದು ಕೂಗಬೇಕು. ಗರಗಸವೂ ಆ ರೂಢಿಗೆ ಸೇರಿಹೋಯಿತು. ಅದು ಬಲ್ಬಲ್ಲ ಎಂದು ವಿಜ್ಞಾನ ಓದಿದ ನನಗೂ, ಆಯುಧಶಾಸ್ತ್ರ ಅರೆದು ಕುಡಿದ ಭಾವನಿಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನ ಭಾವ ಸೀಳುತ್ತಿರುವಾಗಲೇ ಕರೆಂಟು ಹೋಯಿತು. ಗರಗಸ ನಿಧಾನವಾಗಿ ನಿಂತಿತು. ಭಾವ ಕನ್ನಡಕ ಒರೆಸುತ್ತಾ ಪಕ್ಕಕ್ಕೆ ಸರಿದರು. ಆ ಯಂತ್ರ ಸುಮ್ಮನಿರುವುದು ಆಗ ಮಾತ್ರ. ಆದ್ದರಿಂದ ಅಕ್ಕ ಮರದ ಪುಡಿ ಗುಡಿಸುವುದೂ ಆಗಲೇ. ಅವಳು ಬಟ್ಟೆ ತಂದು ಮೇಜು ಒರೆಸತೊಡಗಿದಳು. ನಾನು ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ.

ಮೊದಲು ಬಲ್ಬು ಹತ್ತಿತು. ನೆರೆಮನೆಯ ಮಕ್ಕಳು "ಬಂತು!" ಎಂದರು. ಆ ಹಳೆಯ ಬೆಲ್ಟು ಹಿಡಿಯುವ ಮೊದಲು ಒಮ್ಮೆ ಜಾರಿ ಕಿರುಚುತ್ತಿತ್ತು. ಆ ಕಿರುಚಿನಷ್ಟೇ ಸಮಯ. ಅಕ್ಕನ ಅಂಗೈ ಗರಗಸದ ಹಲ್ಲಿನ ಮೇಲೆಯೇ ಇತ್ತು. ಉಳಿ ಆರಿಸಲು ಮಳೆಗಾಲ ಕಳೆಯುವ ಮನುಷ್ಯ ಯೋಚಿಸಲೇ ಇಲ್ಲ. ಬಲಗೈಯಿಂದ ಅಕ್ಕನನ್ನು ಗೋಡೆಯ ಕಡೆಗೆ ನೂಕಿದರು. ನೂಕಿದ ರಭಸಕ್ಕೆ ತಾವೇ ಮುಗ್ಗರಿಸಿ ಎಡಗೈ ಊರಿದರು. ಎಲ್ಲಿ ಊರಿದರೆಂದು ಬರೆಯಬೇಕೆ?

ಮರ ಸೀಳುವ ಸದ್ದಿಗೂ ಆ ಸದ್ದಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಮರ ಸೀಳುವ ಸದ್ದನ್ನು ನಾನು ಇಂದಿಗೂ ಸಹಿಸಲಾರೆ. "ನನ್ನನ್ನು ಎಂತಕ್ಕೆ ನೂಕಿದ್ದು?" ಎಂದು ಅಕ್ಕ ಬಿದ್ದಲ್ಲಿಂದಲೇ ಗದರಿಸಿದಳು. ಆಮೇಲೆ ನೆಲ ನೋಡಿ, ಎದ್ದು ಟವೆಲು ತರಲು ಓಡಿದಳು.

ನೆರೆಮನೆಯವರ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೋದೆವು. ನನ್ನ ಮಡಿಲಲ್ಲಿ ಭಾವನ ಕೈ, ಕೈಗೆ ಸುತ್ತಿದ ಟವೆಲು, ಅದರ ಬಣ್ಣ ಬದಲಾಗುತ್ತಲೇ ಇತ್ತು.

"ಹೇಗಾಯ್ತು?" ಎಂದು ಡಾಕ್ಟರು ಕೇಳಿದರು.

"ಹಡಗು ಕಟ್ಟುವಾಗ," ಎಂದರು ಭಾವ.

"ಮಲ್ಪೆಯಲ್ಲಿಯಾ?"

"ಅಲ್ಲ, ಅಲೆವೂರಿನಲ್ಲಿ."

ಡಾಕ್ಟರು ನರ್ಸಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ತಲೆಗೂ ಪೆಟ್ಟಾಗಿದೆಯಾ ನೋಡಿ."

ಕೈ ಉಳಿಯಿತು. ತೋರುಬೆರಳು, ನಡುಬೆರಳು ಹೋದವು. ಮರುದಿನ ಅಕ್ಕ ಬಿಸಿನೀರು ತರಲು ಹೋದಾಗ ಭಾವ ನನ್ನನ್ನು ಹತ್ತಿರ ಕರೆದರು.

"ನೀನು ಎಂತ ನೋಡಿದ್ದಿ?"

"ಎಲ್ಲ ನೋಡಿದೆ ಭಾವ."

"ನೋಡ್ಲಿಲ್ಲ. ಹಲಗೆ ಹಾಳಾಗ್ತದೆ ಅಂತ ಅವಳನ್ನು ನೂಕಿ ಕೈ ಹಾಕಿದೆ. ನೀನು ನೋಡಿದ್ದು ಅದು."

"ಈ ಸುಳ್ಳು ಎಂತಕ್ಕೆ?"

"ತನ್ನಿಂದ ಆದದ್ದು ಅಂತ ಗೊತ್ತಾದರೆ ಅವಳು ಇನ್ನು ನನ್ನನ್ನು ಬೈಯುವುದುಂಟಾ? ಅವಳು ಬೈಯದ ಮನೆಯಲ್ಲಿ ಇರ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಮಾತು ಕೊಟ್ಟೆ. ಈಗ ಇಬ್ಬರೂ ಇಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಭಾವನ ಸುಳ್ಳು ಚೆನ್ನಾಗಿ ಫಲಿಸಿತು. ಅಕ್ಕ ಬೈದಳು. ಮದುವೆಮನೆಯಲ್ಲಿ ಬೈದಳು, ಬಸ್ಸಿನಲ್ಲಿ ಬೈದಳು. "ಹೆಂಡತಿಯನ್ನು ನೂಕಿ ಹಲಗೆ ಹಿಡಿದ ಮಹಾನುಭಾವ ಇವರು!" ಎಂದು ಅಪರಿಚಿತರಿಗೂ ಪರಿಚಯಿಸಿದಳು. ಭಾವ ತೃಪ್ತಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಗರಗಸವನ್ನು ಗುಜರಿಯವನು ಹೊತ್ತುಕೊಂಡು ಹೋದ. ಕೈಗರಗಸದಲ್ಲಿ, ಮೂರು ಬೆರಳಿನ ಎಡಗೈಯಲ್ಲಿ ಹಡಗು ಮುಂದುವರಿಯಿತು. ನನಗೆ ಮಾತ್ರ ನಿದ್ದೆಯಲ್ಲೂ ಆ ಬೆಲ್ಟು ಕಿರುಚುತ್ತಿತ್ತು. ಕರೆಂಟು ಹೋದೊಡನೆ ಎದ್ದು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುತ್ತಿದ್ದೆ. ಈಗಲೂ ಆರಿಸುತ್ತೇನೆ.

ಎಂಬತ್ತರ ದಶಕದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಆ ಮನೆ ಬಿಡುವ ಕೆಲವು ದಿನ ಮೊದಲು ಅಂಗಳದಲ್ಲಿ ಅಕ್ಕ ಹಪ್ಪಳ ಒಣಗಿಸುತ್ತಿದ್ದಳು, ಎಂದಿನಂತೆ ಹಲಗೆಯ ಬೈಗುಳ ನಡೆದಿತ್ತು. ನನಗೆ ತಡೆಯಲಾಗಲಿಲ್ಲ.

"ಸಾಕು ಅಕ್ಕಾ. ಆ ದಿನ ಎಂತ ಆದದ್ದು ಅಂತ ನಿನಗೆ ಗೊತ್ತಿಲ್ಲ."

ಅವಳು ಕೈಯಲ್ಲಿದ್ದ ಹಪ್ಪಳವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು. ದನಿ ತಗ್ಗಿಸಿದಳು.

"ಆ ದಿನ ಹಲಗೆ ಮೇಜಿನ ಮೇಲೆ ಇರ್ಲೇ ಇಲ್ಲ. ಒರೆಸ್ಲಿಕ್ಕೆ ಅಂತ ನಾನೇ ತೆಗೆದು ಗೋಡೆಗೆ ಒರಗಿಸಿದ್ದು."

"ಮತ್ತೆ ಬೈಯುವುದು ಎಂತಕ್ಕೆ?"

"ಬೈಯುವುದು ನಿಲ್ಲಿಸಿದರೆ ಅವರಿಗೆ ಗೊತ್ತಾಗ್ತದಲ್ಲ, ನನಗೆ ಗೊತ್ತುಂಟು ಅಂತ. ಪಾಪ, ಎಷ್ಟು ಯೋಚನೆ ಮಾಡಿ ಹೇಳಿದ ಸುಳ್ಳೋ!"

ಒಳಗಿನಿಂದ ಭಾವನ ದನಿ ಬಂತು. "ಏ, ಒಮ್ಮೆ ಇಲ್ಲಿ ಬರ್ತೀಯಾ? ಪಟ್ಟಿ ಹಿಡೀಲಿಕ್ಕೆ ಉಂಟು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಟಲು ಸರಿಮಾಡಿಕೊಂಡು ದನಿ ಏರಿಸಿದಳು.

"ಬಂದೆ, ಬಂದೆ! ಎರಡು ಬೆರಳು ಮರಕ್ಕೆ ಕೊಟ್ಟವರಿಗೆ ಈಗ ನನ್ನ ಹತ್ತೂ ಬೇಕಂತೆ!"