ಎರಡು ಪೇಪರು, ಒಂದು ಸಕ್ಕರೆ ಪರ್ಮಿಟ್ಟು

ಪೇಪರು ಓದುವವನಿಗಿಂತ ಅದನ್ನು ತರಿಸುವವನಿಗೆ ಹೆದರಿಕೆ ಹೆಚ್ಚು. ಹೊನ್ನಾವರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು, ಚುನಾವಣೆಯ ಕಾಲದಲ್ಲಿ ಗಿರಾಕಿಗಳಿಗೆಂದು ಪೇಪರು ತರಿಸಿದ ನನಗೆ ಇಂಥ ಹೆದರಿಕೆಯ ಪ್ರಸಂಗಗಳು ಒಂದರ ಹಿಂದೊಂದು ಆಗುತ್ತಲೇ ಇದ್ದವು. ಸಕ್ಕರೆಗೆ ನಿಯಂತ್ರಣವಿದ್ದ ಕಾಲ. ಸಕ್ಕರೆ ಮಾರುವ ನನ್ನ ಪರ್ಮಿಟ್ಟು ವರ್ಷಾ ವರ್ಷ ಹೊಸದಾಗಬೇಕು. ಆಳುವ ಪಕ್ಷದ ತಾಲೂಕು ಅಧ್ಯಕ್ಷರು ಕಚೇರಿಯಲ್ಲಿ ‘ಅವ ಆ ಕಡೆಯವ’ ಎಂದು ಒಂದು ಮಾತು ಆಡಿದರೆ ಮುಗಿಯಿತು. ಸಕ್ಕರೆ ಹೋದರೆ ಗಿರಾಕಿ ಹೋದ. ಗಿರಾಕಿ ಹೋದ ಮೇಲೆ ಅಕ್ಕಿ ಬೆಲ್ಲ ಯಾರಿಗೆ ಮಾರುವುದು?

೧. ಗೇಣು

ಪೇಪರು ಕುಮಟೆಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಬಸ್ಸು ಬರುವ ಹೊತ್ತಿಗೆ ನನ್ನ ಬೆಂಚಿನ ಒಂದು ತುದಿಗೆ ಅಧ್ಯಕ್ಷರು, ಇನ್ನೊಂದು ತುದಿಗೆ ಎದುರು ಪಕ್ಷದ ವಕೀಲರು. ಒಂದು ದಿನ ಅಧ್ಯಕ್ಷರು ಎರಡೂ ಪಕ್ಷದವರ ಭಾಷಣವನ್ನು ಗೇಣು ಹಾಕಿ ಅಳೆದು, ವಕೀಲರ ಕಡೆಯದ್ದು ನಾಲ್ಕು ಬೆರಳು ಹೆಚ್ಚು ಉದ್ದ, ಈ ಪೇಪರು ಮಾರಿಕೊಂಡಿದೆ ಎಂದರು. ವಕೀಲರು ಅದೇ ಪುಟ ಎಳೆದುಕೊಂಡು ತಾವೂ ಅಳೆದರು. ಅವರ ಗೇಣಿನಲ್ಲಿ ಅಧ್ಯಕ್ಷರ ಕಡೆಯದ್ದೇ ಉದ್ದ. ಕಡೆಗೆ ಇಬ್ಬರೂ ಪೇಪರನ್ನು ನನ್ನೆದುರು ಹಾಸಿ, ನೀವು ವ್ಯಾಪಾರಸ್ಥರು, ನೀವೇ ಅಳೆದು ಹೇಳಿ ಎಂದು ಕೂತರು. ಯಾರ ಕಡೆ ಹೇಳಿದರೂ ಕೆಟ್ಟೆ.

“ನನ್ನದು ತೂಕದ ವ್ಯಾಪಾರ,” ಎಂದೆ. “ಅಳತೆ ಬೇಕಾದರೆ ಜವಳಿ ಅಂಗಡಿಗೆ ಹೋಗಿ.”

೨. ಪೊಟ್ಟಣ

ಈ ರಗಳೆ ಬೇಡವೆಂದು ಇಬ್ಬರ ಮನಸ್ಸಿಗೂ ಒಪ್ಪುವ ಹಾಗೆ, ಅವರವರ ಪಕ್ಷದ ಕಡೆಯದ್ದು ಒಂದೊಂದು ಎಂದು ಎರಡು ಪೇಪರು ತರಿಸತೊಡಗಿದೆ. ಹಳೆಯವು ಹೇಗೂ ಪೊಟ್ಟಣಕ್ಕಾಗುತ್ತವಲ್ಲ. ಆದರೆ ಅಧ್ಯಕ್ಷರ ಮನೆಗೆ ಹೋದ ಬೆಲ್ಲದ ಪೊಟ್ಟಣದ ಮೇಲೆ ಅವರ ನಾಯಕರ ಫೋಟೋನೇ ಇತ್ತಂತೆ. ಮಳೆಗಾಲದ ಬೆಲ್ಲ, ಕರಗಿ ಮೋರೆ ತುಂಬ ಇರುವೆ. ಇದನ್ನು ಯಾರು ಹೇಳಿ ಮಾಡಿಸಿದರು ಎಂದು ಅಧ್ಯಕ್ಷರು ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿಗೇ ನನಗೆ ಅನ್ನ ಇಳಿಯಲಿಲ್ಲ. ಮರುದಿನದಿಂದ ರಾಜಕೀಯದ ಹಾಳೆಯನ್ನೆಲ್ಲ ಹೆಕ್ಕಿ ಒಲೆಗೆ ಹಾಕಿ, ಮದುವೆ ಜಾಹೀರಾತು, ಮಳೆ ಸುದ್ದಿಗಳಲ್ಲೇ ಸಾಮಾನು ಕಟ್ಟಿದೆ.

ವಾರ ಕಳೆಯುವುದರೊಳಗೆ ವಕೀಲರು ಬಂದರು. ತಮ್ಮ ಮನೆಗೆ ಹೋದ ಪೊಟ್ಟಣಗಳನ್ನೆಲ್ಲ ಬಿಡಿಸಿ ನೋಡಿದ್ದರಂತೆ. “ಎಂತ ಶೆಟ್ರೆ, ಪೊಟ್ಟಣದಲ್ಲೂ ನಮ್ಮ ಸುದ್ದಿ ಮುಚ್ಚಿದಿರಾ?”

೩. ಯಾರೂ ಬಾರದ ಸಭೆ

ಪರ್ಮಿಟ್ಟು ಹೊಸದಾಗುವ ತಿಂಗಳೇ ಸರಕಿನ ಮಾತಿಗೆ ಭಟ್ಕಳಕ್ಕೆ ಹೋಗಿದ್ದೆ. ತಿರುಗಿ ಬರುವ ಬಸ್ಸು ತಡ, ಬಿಸಿಲೋ ಬಿಸಿಲು. ಅಲ್ಲೊಂದು ಚಪ್ಪರ ಕಂಡಿತು, ನೆರಳಿಗೆ ನಿಂತೆ. ವಕೀಲರ ಪಕ್ಷದ ಸಭೆ ಅದು ಎಂದು ಗೊತ್ತಾಗುವಷ್ಟರಲ್ಲಿ ಯಾರೋ ಫೋಟೋ ಹೊಡೆದಾಗಿತ್ತು.

ಎರಡು ದಿನ ಬಿಟ್ಟು ವಕೀಲರ ಪೇಪರಿನಲ್ಲಿ ‘ಭಟ್ಕಳದಲ್ಲಿ ಜನಸಾಗರ’ ಎಂದು ಬಂತು. ಸಾಗರದ ದಡದಲ್ಲೇ ನಾನು, ಟೋಪಿ ಸಮೇತ. ಇವತ್ತಿನ ಪೇಪರು ಬಂದಿಲ್ಲ ಎಂದುಬಿಡೋಣವೆಂದರೆ, ಅಧ್ಯಕ್ಷರು ಬೇರೆ ಕಡೆಯಿಂದ ಒಂದು ಪ್ರತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಬೆಂಚಿಗೆ ಕೂರಲಿಲ್ಲ. ನಾಳೆ ಕಚೇರಿಗೆ ಹೋಗುವವನಿದ್ದೇನೆ, ಅಲ್ಲಿ ನಿನ್ನ ಮಾತು ಬರುತ್ತದೆ ಎಂದು, ಫೋಟೋದ ಮೇಲೆ ಬೆರಳಿಟ್ಟರು.

“ಇದು ಯಾರು?”

ಮಾತಿನ ಬದಲು ಕೈಗೆ ಸಿಕ್ಕಿದ್ದು ಅಧ್ಯಕ್ಷರೇ ದಿನಾ ಓದುವ ಆ ಇನ್ನೊಂದು ಪೇಪರು. ಬಿಡಿಸಿ ಅವರ ಮುಂದೆ ಹಿಡಿದೆ. ಭಟ್ಕಳದ ಸಭೆಗೆ ನರಪಿಳ್ಳೆಯೂ ಸುಳಿಯಲಿಲ್ಲ, ಖಾಲಿ ಚಪ್ಪರಕ್ಕೇ ಭಾಷಣ ಎಂದು ದಪ್ಪ ಅಕ್ಷರದಲ್ಲಿತ್ತು.

“ಯಾರೂ ಹೋಗದ ಸಭೆಗೆ ನಾ ಹೇಗೆ ಹೋಗಲಿ, ಅಧ್ಯಕ್ಷರೆ? ಯಾವ ಪೇಪರು ಖರೆ, ನೀವೇ ಹೇಳಿ.”

ಅವರು ಎರಡನ್ನೂ ಹೊರಳಿಸಿ ಹೊರಳಿಸಿ ನೋಡಿದರು. ನಾನು ತಕ್ಕಡಿಯ ಸರಪಳಿ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಪೇಪರು ಮಡಚಿದರು.

“ಆತು. ನೀ ಹೋಗಲಿಲ್ಲ. ಕಚೇರಿಯಲ್ಲಿ ಹಾಗೇ ಹೇಳ್ತೆ.”

ಜೀವ ಬಂತು. ಅವರು ಮೆಟ್ಟಿಲು ಇಳಿದವರು ತಿರುಗಿ ಬಂದು, ರಸ್ತೆಯ ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಖರೆ ಹೇಳು ಮಾರಾಯಾ, ಜನ ಎಷ್ಟಿದ್ರು?”

“ನಾ ಹೋಗಲಿಲ್ಲವಲ್ಲ, ಅಧ್ಯಕ್ಷರೆ,” ಎಂದೆ.