ಸೊಂಡಿಲಿಗೊಂದು ಸಹಿ

ಅಕ್ಕ: ಇದನ್ನ ಕಾರಿಗೆ ಹಾಕ್ತೀಯೋ, ಇಲ್ಲಾ ಯಾವ ಆನೆಯಿಂದ ಕಿತ್ಕೊಂಡು ಬಂದ್ಯೋ ಅದಕ್ಕೇ ವಾಪಸ್ ಕೊಡ್ತೀಯೋ?

ತಮ್ಮ: ಸೊಂಡಿಲಲ್ಲಕ್ಕ, ಗಾಳಿ ಕೊಳವೆ. ಜೋರಾಗಿ ಓಡೋಕೆ ಎಂಜಿನ್‌ಗೆ ತಣ್ಣನೆ ಗಾಳಿ ಬೇಕು.

ಅಕ್ಕ: ಹಾಗಾದ್ರೆ ಒಂದು ಫ್ಯಾನ್ ಕೊಡ್ಸು. ಸೆಖೆ ಅಂತ ಅದೇನು ನಿನ್ನ ಹತ್ರ ಅಳ್ತಿತ್ತಾ?

ಅಕ್ಕನ ಗ್ಯಾರೇಜು. ಬಾನೆಟ್ ಎತ್ತಿಕೊಂಡು ನಿಂತಿದ್ದ ಎರಡೇ ಸೀಟಿನ ಪುಟ್ಟ ಕೆಂಪು ಕಾರಿನ ಆಚೆ ಹೆಗಲಿಗೆ ಚೌಕಳಿ ಬಟ್ಟೆ ಹಾಕಿಕೊಂಡ ಅಕ್ಕ, ಈಚೆ ತಮ್ಮ. ಮೂವತ್ತು ವರ್ಷದಿಂದ ಎಂಜಿನ್ನುಗಳ ಹೊಟ್ಟೆ ಬಗೆಯುತ್ತ ಬಂದ ಅವಳಿಗೆ ಬೀದಿಯವರು ಸ್ಪ್ಯಾನರಕ್ಕ ಎಂದೇ ಹೆಸರಿಟ್ಟಿದ್ದರು. ತಮ್ಮನದು ಎದುರು ಸಾಲಿನಲ್ಲಿ ಕನ್ನಡಕದ ಅಂಗಡಿ. ಭಾನುವಾರ ಗುಡ್ಡ ಹತ್ತುವ ಕಾರ್ ರೇಸು. ಅರ್ಜಿ ಕೊಡಲು ಇವತ್ತು, ಸೋಮವಾರ, ಸಂಜೆ ಐದು ಗಂಟೆಯೇ ಗಡುವು. ಕಾರು ಸರಿಯಿದೆ ಎಂದು ಮೆಕ್ಯಾನಿಕ್ ಒಬ್ಬರು ಅದಕ್ಕೆ ಸಹಿ ಹಾಕಬೇಕು. ಸತತ ಮೂರು ವರ್ಷ ಎಲ್ಲರಿಗಿಂತ ಕೊನೆಗೆ ಬಂದಿದ್ದ ತಮ್ಮ ಈ ಸಲ ಹಟ ತೊಟ್ಟು, ಕೊಳವೆಯೊಂದನ್ನು ಕೈಯಾರೆ ಮಾಡಿ ತಂದಿದ್ದ. ಅಕ್ಕನಿಗೆ ಅದನ್ನು ಕಂಡದ್ದೇ ಮೈಯೆಲ್ಲ ಉರಿದಿತ್ತು.

ಅಕ್ಕ: ಯಾವುದರಲ್ಲಿ ಮಾಡಿದ್ದೀಯ?

ತಮ್ಮ: ಥರ್ಮಾಕೋಲಲ್ಲಿ.

ಅಕ್ಕ: ಥರ್ಮಾಕೋಲಾ! ಎಂಜಿನ್ ಬಿಸಿಗೆ ಬೆಣ್ಣೆ ಥರ ಕರಗಿ ಹೋಗುತ್ತಲ್ಲೋ!

ತಮ್ಮ: ಪೂರ್ತಿ ಕೇಳು. ಥರ್ಮಾಕೋಲನ್ನ ಕೊಳವೆ ಆಕಾರಕ್ಕೆ ಕೆತ್ತಿದೆ. ಮೇಲೆ ಫೈಬರ್ ಬಟ್ಟೆ ಸುತ್ತಿ ಅಂಟು ಬಳಿದೆ. ಅದು ಗಟ್ಟಿಯಾದ ಮೇಲೆ ತಿನ್ನರ್ ಸುರಿದು ಒಳಗಿನದ್ದನ್ನೆಲ್ಲ ಕರಗಿಸಿಬಿಟ್ಟೆ. ಬರೀ ಚಿಪ್ಪು ಉಳೀತು.

ಅಕ್ಕ: ತಲೆ ಮೇಲೂ ಒಂದು ಲೋಟ ಸುರ್ಕೊಂಡ್ಯಾ? ಅಲ್ಲೂ ಬರೀ ಚಿಪ್ಪೇ ಉಳಿದ ಹಾಗಿದೆ.

ತಮ್ಮ: ನಾಲ್ಕು ದಿನ ಒಣಗಿಸಿದ್ದೀನಿ, ಮಲಗೋ ಕೋಣೇಲಿ.

ಅಕ್ಕ: ಆ ವಾಸನೇಲಿ? ನಿನ್ನ ಹೆಂಡ್ತಿ ಏನೂ ಅನ್ಲಿಲ್ವಾ?

ತಮ್ಮ: ಏನೂ ಅನ್ಲಿಲ್ಲ. ತವರಿಗೆ ಹೋದ್ಲು.

ಅಕ್ಕ: ಪುಣ್ಯಾತ್ಗಿತ್ತಿ. ತಣ್ಣನೆ ಗಾಳಿ ಅವಳಿಗಾದ್ರೂ ಸಿಕ್ತು.

ಅಕ್ಕ ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಬೆರಳಾಡಿಸಿದಳು, ಗಾಜಿನ ಹಾಗೆ ನುಣುಪು. ತಿರುವಿನಲ್ಲೂ ಎಲ್ಲೂ ಸೊಟ್ಟಗಿರಲಿಲ್ಲ. ಬೈಯಲು ಏನೂ ಸಿಗದೆ ಅವಳ ಸಿಟ್ಟು ಇನ್ನಷ್ಟು ಏರಿತು.

ಅಕ್ಕ: ಇದರ ಬಾಯಿ ಎಲ್ಲಿಡ್ತೀಯ? ಬಂಪರ್ ಕೆಳಗಾ? ಒಂದು ಮಳೆ ಬಂದ್ರೆ ಗಾಳಿ ಬದಲು ಕೊಚ್ಚೆ ಕುಡಿಯುತ್ತೆ.

ತಮ್ಮ: ಇಲ್ಲ, ಮೇಲೆ. ಹೆಡ್‌ಲೈಟ್ ಹಿಂದೆ.

ಅಕ್ಕ: ...ಬಣ್ಣ ಚೆನ್ನಾಗಿಲ್ಲ.

ತಮ್ಮ: ಸಹಿ ಹಾಕ್ತೀಯೋ ಇಲ್ವೋ?

ಅಕ್ಕ: ಬಣ್ಣ ಬಣ್ಣದ ಮಾತಿಗೆಲ್ಲ ಸಹಿ ಹಾಕೋಳು ನಾನಲ್ಲ. ನಡಿ, ಅಳೆದೇ ನೋಡೋಣ.

ಗ್ಯಾರೇಜಿನ ಹಿಂದೆ ನೀರಿನ ಟ್ಯಾಂಕಿನ ತನಕ ಕಡಿದಾದ ಏರು. ಮೊದಲು ಎಂಜಿನ್ನಿಗೆ ಗಾಳಿ ಕೊಡುವ ಹಳೆಯ ಡಬ್ಬಿಯೊಂದಿಗೇ ಹತ್ತಿದರು. ಅಕ್ಕ ಓಡಿಸಿದಳು, ಪಕ್ಕದಲ್ಲಿ ತಮ್ಮ ಮೊಬೈಲ್ ಹಿಡಿದು ಕೂತ. ನಲವತ್ತೆರಡು ಸೆಕೆಂಡು. ವಾಪಸ್ ಬಂದು, ಮೂಗಿನ ಮೇಲೆ ಕನ್ನಡಕ ಕೂರಿಸುವ ಕೈ ನಟ್ಟು ಮುಟ್ಟಕೂಡದೆಂದು ಅವನನ್ನು ಪಕ್ಕಕ್ಕೆ ತಳ್ಳಿ, ಬೈದುಕೊಂಡೇ ಹೊಸ ಕೊಳವೆಯನ್ನು ತಾನೇ ಕೂರಿಸಿದಳು. ಮತ್ತೆ ಹತ್ತಿದರು. ಕಾರು ದಮ್ಮು ಹತ್ತಿದವರಂತೆ ಏದುಸಿರು ಬಿಡುತ್ತ ತೆವಳಿತು. ಐವತ್ತೊಂದು ಸೆಕೆಂಡು!

ಅಕ್ಕ: ಆಹಾ! ಒಂಬತ್ತು ಸೆಕೆಂಡು ಲಾಭ! ಇನ್ನೊಂದು ಕೊಳವೆ ಹಾಕಿದ್ರೆ ಗಾಡಿ ಹಿಂದಕ್ಕೇ ಹೋಗುತ್ತೆ. ಹೋಗು ಸ್ವಾಮಿ, ಅಂಗಡಿ ಬಾಗಿಲು ತೆಗಿ. ಇದನ್ನ ಬೋರ್ಡಿಗೆ ನೇತುಹಾಕು, ಕಣ್ಣು ಕಾಣದವರಿಗೂ ಗುರುತು ಸಿಗುತ್ತೆ.

ತಮ್ಮನ ಮುಖ ಇಷ್ಟಾಯಿತು. ಗ್ಯಾರೇಜಿಗೆ ಬಂದವನೇ ಕ್ಲಿಪ್ಪು ಸಡಿಲಿಸಿ ಕೊಳವೆ ಬಿಚ್ಚಿದ. ಎಂಜಿನ್ನಿನ ಬಾಯಿಯೊಳಗೆ ಇಣುಕಿದ. ಎರಡು ಬೆರಳು ಹಾಕಿ, ಎಣ್ಣೆ ಮೆತ್ತಿದ ಚೌಕಳಿ ಬಟ್ಟೆಯೊಂದನ್ನು ಮೆಲ್ಲಗೆ ಹೊರಗೆಳೆದ.

ಅಕ್ಕ: ನೋಡು, ನೋಡು! ಇದಕ್ಕೇ ನಾನು ಬಡ್ಕೊಳ್ಳೋದು! ಯಾವ ಕತ್ತೆ ಎಂಜಿನ್ ಬಾಯಿಗೆ ಬಟ್ಟೆ ತುರುಕಿ ಮರೀತಾನೆ?

ತಮ್ಮ: ಮರೀತಾನೆ ಅಲ್ಲಕ್ಕ. ಮರೀತಾಳೆ.

ಅಕ್ಕ ಹೆಗಲು ಮುಟ್ಟಿ ನೋಡಿಕೊಂಡಳು. ಬರಿದಾಗಿತ್ತು. ನಟ್ಟು ಗಿಟ್ಟು ಒಳಗೆ ಬೀಳದಿರಲೆಂದು ಹೆಗಲಿನ ಬಟ್ಟೆ ತುರುಕುವುದು ಅವಳ ಮೂವತ್ತು ವರ್ಷದ ಅಭ್ಯಾಸ. ಕೆಲಸ ಮುಗಿದ ಮೇಲೆ ತೆಗೆಯುವುದೂ ಅಷ್ಟೇ ಹಳೆಯದು. ಇವತ್ತು ಬೈಯುವ ಸಂಭ್ರಮದಲ್ಲಿ ಅರ್ಧ ಅಭ್ಯಾಸ ಮಾತ್ರ ನಡೆದಿತ್ತು.

ಮೂರನೆಯ ಸಲ ಕಾರು ಗುಟುರು ಹಾಕುತ್ತ ಏರು ನುಂಗಿತು. ಮೂವತ್ತೊಂಬತ್ತು.

ಅಕ್ಕ: ಗಾಳಿ ಹಿಂದಿನಿಂದ ಬೀಸ್ತು.

ತಮ್ಮ: ಒಂದು ಎಲೆ ಅಲ್ಲಾಡ್ತಿಲ್ಲ.

ಅಕ್ಕ: ನಿನ್ನ ಮೊಬೈಲು ಕೆಟ್ಟಿದೆ.

ಕೆಳಗೆ ಬಂದಾಗ ಗೇಟಿನಲ್ಲಿ ಅಂಥದ್ದೇ ಕಾರು ನಿಂತಿತ್ತು, ಬಿಳಿಯದು. ಅದಕ್ಕೊರಗಿ ಹಲ್ಲಿನ ಡಾಕ್ಟರಮ್ಮ.

ಡಾಕ್ಟರಮ್ಮ: ಸ್ಪ್ಯಾನರಕ್ಕ, ಏನು ಹಾಕಿದ್ದೀರಿ ಅದಕ್ಕೆ? ಆ ಸದ್ದು ಕೇಳಿ ಎದೆ ಝಲ್ ಅಂತು! ಎಲ್ಲಿ ಮಾಡಿಸಿದ್ರಿ?

ಅಕ್ಕ: ಎಲ್ಲೂ ಮಾಡಿಸಿದ್ದಲ್ಲ. ನಮ್ಮ ಗ್ಯಾರೇಜಿನದೇ.

ತಮ್ಮನ ಬಾಯಿ ತೆರೆದುಕೊಂಡಿತು. ಅಕ್ಕ ಅವನ ಕಾಲು ತುಳಿದಳು, ಬಾಯಿ ಮುಚ್ಚಿತು.

ಡಾಕ್ಟರಮ್ಮ: ಭಾನುವಾರದೊಳಗೆ ನನಗೂ ಒಂದು ಬೇಕೇ ಬೇಕು.

ಅಕ್ಕ: ಶನಿವಾರ ಬನ್ನಿ, ಹಾಕಿ ಕೊಡ್ತೀವಿ.

ಬಿಳಿ ಕಾರು ಬೀದಿ ತಿರುಗಿತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ. ಅಕ್ಕ ಅರ್ಜಿಯನ್ನು ಕಿತ್ತುಕೊಂಡು, ಬಾನೆಟ್ಟಿನ ಮೇಲೆ ಹರಡಿ, ಕಾಗದ ಹರಿಯುವಷ್ಟು ಒತ್ತಿ ಸಹಿ ಗೀಚಿದಳು.

ತಮ್ಮ: ಸಹಿ ಹಾಕಿ ಏನು ಬಂತು? ಹೋದ ವರ್ಷ ಫಸ್ಟ್ ಬಂದಿದ್ದೇ ಆ ಡಾಕ್ಟರಮ್ಮ! ಈಗ ಅವರಿಗೂ ನನ್ನ ಕೊಳವೆ. ನಾನು ಮತ್ತೆ ಕೊನೆ!

ಅಕ್ಕ: ನೀನು ಕೊನೆಗೇ ಬಾರೋ. ನಿನ್ನ ಕೊಳವೆ ಫಸ್ಟ್ ಬರುತ್ತಲ್ಲ!